ದ್ವೀಪದ ಗಡಿಯಾರ

ಪೆಸಿಫಿಕ್ ಮಹಾಸಾಗರದ ನಡುವೆ, ಎಲ್ಲ ಖಂಡಗಳಿಂದಲೂ ಸಾವಿರಾರು ಮೈಲಿ ದೂರದಲ್ಲಿ, ಟಹೀಟಿ ಎಂಬ ದ್ವೀಪವಿದೆ. ಮಧ್ಯದಲ್ಲಿ ಮೋಡಗಳನ್ನು ಮುಟ್ಟುವ ಹಸುರು ಬೆಟ್ಟಗಳು, ತೀರದಲ್ಲಿ ತೆಂಗಿನ ಸಾಲುಗಳು, ಅವುಗಳಾಚೆ ಕಡಲಿನ ಅಲೆಗಳನ್ನು ತಡೆದು ನಿಲ್ಲಿಸುವ ಹವಳದ ದಿಬ್ಬ. 1797ರ ಮಾರ್ಚ್ 5ರಂದು 'ಡಫ್' ಎಂಬ ಇಂಗ್ಲಿಷ್ ನೌಕೆಯೊಂದು ಈ ದ್ವೀಪವನ್ನು ತಲಪಿತು. ಅದರಲ್ಲಿ ಬಂದವರು ವ್ಯಾಪಾರಿಗಳಲ್ಲ, ಸೈನಿಕರೂ ಅಲ್ಲ. 1795ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಮಿಷನರಿ ಸಂಘದಿಂದ ಕಳುಹಿಸಲ್ಪಟ್ಟ ಕ್ರೈಸ್ತ ಧರ್ಮಪ್ರಚಾರಕರು. ಮುಂದೆ ಲಂಡನ್ ಮಿಷನ್ ಎಂದು ಪ್ರಸಿದ್ಧವಾದ ಈ ಸಂಘದ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ಬೈಬಲನ್ನು ಕನ್ನಡಕ್ಕೆ ಅನುವಾದಿಸಿದ ಜಾನ್ ಹ್ಯಾಂಡ್ಸ್ ಅವರು ಇದೇ ಸಂಘಕ್ಕೆ ಸೇರಿದವರು.

ಡಫ್ ನೌಕೆಯಲ್ಲಿ ಮೂವತ್ತು ಮಂದಿ ಪ್ರಚಾರಕರಿದ್ದರು. ಅವರಲ್ಲಿ ದೀಕ್ಷೆ ಪಡೆದ ಪಾದ್ರಿಗಳು ನಾಲ್ವರು ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಬಡಗಿಗಳು, ಗಾರೆ ಕೆಲಸದವರು, ನೇಕಾರರು, ದರ್ಜಿಗಳು, ಚಮ್ಮಾರರು. ಧರ್ಮಬೋಧೆಯೊಡನೆ ಕೈಕಸುಬನ್ನೂ ಕಲಿಸಿದರೆ ದ್ವೀಪದ ಜನರ ಬಾಳು ಬೇಗ ಬದಲಾಗುವುದೆಂದು ಸಂಘದ ಹಿರಿಯರು ನಂಬಿದ್ದರು. ಹದಿನೆಂಟು ಮಂದಿ ಟಹೀಟಿಯಲ್ಲಿ ಉಳಿದರು. ಮಿಕ್ಕವರು ಟೊಂಗಾ ಮತ್ತು ಮಾರ್ಕೆಸಸ್ ದ್ವೀಪಗಳಿಗೆ ಸಾಗಿದರು. ಯಂತ್ರಯುಗವು ಆಗತಾನೆ ಕಾಲಿಡುತ್ತಿದ್ದ ಇಂಗ್ಲೆಂಡಿನಿಂದ ಬಂದ ಇವರಿಗೆ ದುಡಿಮೆಯೂ ಪ್ರಾರ್ಥನೆಯೂ ಗಂಟೆಯ ಲೆಕ್ಕದಲ್ಲಿ ನಡೆಯಬೇಕಾದ ಕರ್ತವ್ಯಗಳಾಗಿದ್ದವು.

ದ್ವೀಪದಲ್ಲಿ ಕಂಡ ಬದುಕು ಅವರನ್ನು ತಬ್ಬಿಬ್ಬುಗೊಳಿಸಿತು. ಅಲ್ಲಿನ ಮುಖ್ಯ ಆಹಾರ ದೀವಿಹಲಸು. ನಮ್ಮ ಕರಾವಳಿಯಲ್ಲಿ ಜೀಗುಜ್ಜೆ ಎಂದು ಕರೆಯುವುದು ಇದನ್ನೇ. ಒಮ್ಮೆ ನೆಟ್ಟ ಮರ ಹಲವು ದಶಕಗಳ ಕಾಲ ಫಲ ಕೊಡುತ್ತದೆ. ತೆಂಗು, ಬಾಳೆ, ಕೆಸುವಿನ ಗಡ್ಡೆ, ಹವಳದ ದಿಬ್ಬದ ಒಳಗಿನ ತಿಳಿನೀರಿನ ಮೀನು, ಇವು ಉಳಿದ ಆಹಾರ. ನೆಲದಲ್ಲಿ ಕುಳಿ ತೋಡಿ, ಕಾಯಿಸಿದ ಕಲ್ಲುಗಳ ಮೇಲೆ ಆಹಾರವನ್ನಿಟ್ಟು, ಎಲೆಗಳಿಂದ ಮುಚ್ಚಿ, ಅದು ಬೇಯುವವರೆಗೆ ಜನರು ಮರದ ನೆರಳಿನಲ್ಲಿ ಕಾಯುತ್ತಿದ್ದರು. ಹೆಂಗಸರು ಮರದ ತೊಗಟೆಯನ್ನು ಬಡಿದು ಬಡಿದು ಹಾಳೆಯಂತೆ ತೆಳುವಾದ ಬಟ್ಟೆಯನ್ನು ಮಾಡುತ್ತಿದ್ದರು. ಅಂಥಲ್ಲಿ ನೇಕಾರನಿಗೆ ಏನು ಕೆಲಸ? ಚಮ್ಮಾರನಿಗೆ ಏನು ಬೇಡಿಕೆ? ಈ ಜನರು ಸೋಮಾರಿಗಳೆಂದು ಬಂದವರಲ್ಲಿ ಅನೇಕರು ತೀರ್ಮಾನಿಸಿದರು.

ಈ ತೀರ್ಮಾನ ಅವಸರದ್ದು. ಟಹೀಟಿಯಲ್ಲಿ ಕಾಲದ ಲೆಕ್ಕ ಇಲ್ಲದಿರಲಿಲ್ಲ. ಅದನ್ನು ಅಳೆಯುವ ಸಾಧನಗಳು ಬೇರೆಯಾಗಿದ್ದವು. ಕೃತ್ತಿಕಾ ನಕ್ಷತ್ರಪುಂಜವನ್ನು ಅಲ್ಲಿಯ ಜನರು 'ಮತಾರಿಯಿ' ಎನ್ನುತ್ತಾರೆ. ನವೆಂಬರಿನಲ್ಲಿ ಅದು ಸಂಜೆಯ ಬಾನಂಚಿನಲ್ಲಿ ಮೂಡಿದಾಗ ಸಮೃದ್ಧಿಯ ಕಾಲ ಆರಂಭ. ಮೇ ತಿಂಗಳಲ್ಲಿ ಅದು ಮರೆಯಾದಾಗ ಕೊರತೆಯ ಕಾಲ. ಸಮೃದ್ಧಿಯಲ್ಲಿ ಮಿಕ್ಕಿದ ದೀವಿಹಲಸನ್ನು ಕುಳಿಗಳಲ್ಲಿ ಹುಳಿಯಿಸಿ, ಕೊರತೆಯ ಕಾಲಕ್ಕೆಂದು ಕೂಡಿಡುತ್ತಿದ್ದರು. ಚಾಂದ್ರಮಾಸದ ಒಂದೊಂದು ರಾತ್ರಿಗೂ ಒಂದೊಂದು ಹೆಸರಿತ್ತು. ಯಾವ ರಾತ್ರಿ ಮೀನು ಹಿಡಿಯಬೇಕು, ಯಾವ ದಿನ ಗಡ್ಡೆ ನೆಡಬೇಕು ಎಂಬುದೆಲ್ಲ ಆ ಹೆಸರುಗಳಲ್ಲಿ ಅಡಗಿತ್ತು.

ಇದಕ್ಕಿಂತಲೂ ವಿಸ್ಮಯಕರವಾದುದು ಅಲ್ಲಿನ ಕಡಲು. ಪ್ರಪಂಚದ ಬಹುತೇಕ ತೀರಗಳಲ್ಲಿ ಉಬ್ಬರದ ಹೊತ್ತು ದಿನದಿನಕ್ಕೂ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಅಲ್ಲಿ ಚಂದ್ರನ ಸೆಳೆತವೇ ಪ್ರಬಲವಾಗಿರುವುದು ಇದಕ್ಕೆ ಕಾರಣ. ಟಹೀಟಿಯ ಸುತ್ತಣ ಸಾಗರದಲ್ಲಿ ಚಂದ್ರನಿಂದಾಗುವ ಉಬ್ಬರ ಬಹಳ ದುರ್ಬಲ. ಅದರಿಂದ ಸೂರ್ಯನ ಸೆಳೆತವೇ ಮೇಲುಗೈ ಪಡೆಯುತ್ತದೆ. ನೀರು ಏರುವುದು ಸುಮಾರು ಒಂದು ಅಡಿಯಷ್ಟು ಮಾತ್ರ. ಆದರೆ ವರ್ಷವಿಡೀ ನಡುಹಗಲು ಮತ್ತು ನಡುರಾತ್ರಿಯ ಆಸುಪಾಸಿನಲ್ಲಿಯೇ ಉಬ್ಬರ, ಮುಂಜಾನೆ ಮತ್ತು ಮುಸ್ಸಂಜೆಗಳಲ್ಲಿ ಇಳಿತ. ದಡದಲ್ಲಿ ನಿಂತು ನೀರಿನ ಮಟ್ಟವನ್ನು ನೋಡಿದರೆ ರಾತ್ರಿಯಲ್ಲಿಯೂ ಹೊತ್ತು ತಿಳಿಯುತ್ತಿತ್ತು. 1817ರಲ್ಲಿ ಅಲ್ಲಿಗೆ ಬಂದ ಪ್ರಚಾರಕ ವಿಲಿಯಂ ಎಲ್ಲಿಸ್ ಅವರು 1829ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಸಂಗತಿಯನ್ನು ವಿವರಿಸಿದ್ದಾರೆ.

ದ್ವೀಪದವರಿಗೆ ಕಾಲದ ಪ್ರಜ್ಞೆಯಿಲ್ಲವೆಂದು ಭಾವಿಸಿದವರ ಪಂಚಾಂಗದಲ್ಲಿಯೇ ಒಂದು ದಿನ ತಪ್ಪಿಹೋಗಿತ್ತು! ಡಫ್ ನೌಕೆ ಆಫ್ರಿಕದ ದಕ್ಷಿಣಕ್ಕಾಗಿ ಪೂರ್ವಾಭಿಮುಖವಾಗಿ ಸಾಗಿ ಟಹೀಟಿಯನ್ನು ಸೇರಿತ್ತು. ಪೂರ್ವಕ್ಕೆ ಸಾಗುವವರಿಗೆ ಪ್ರತಿ 15 ಡಿಗ್ರಿ ರೇಖಾಂಶಕ್ಕೂ ಹೊತ್ತು ಒಂದು ಗಂಟೆ ಮುಂದಾಗುತ್ತದೆ. ಪಶ್ಚಿಮಕ್ಕೆ ಸಾಗುವವರಿಗೆ ಅಷ್ಟೇ ಹಿಂದಾಗುತ್ತದೆ. ನೌಕೆಯಲ್ಲಿದ್ದವರು ದಿನಾಂಕವನ್ನು ಸರಿಪಡಿಸದೆ ಹಾಗೆಯೇ ಉಳಿಸಿಕೊಂಡರು. ಇದರ ಪರಿಣಾಮವಾಗಿ, ಅಮೆರಿಕದ ಕಡೆಯಿಂದ ಬರುವ ಹಡಗುಗಳ ಲೆಕ್ಕದಲ್ಲಿ ಶನಿವಾರವಾಗಿದ್ದ ದಿನವನ್ನು ಪ್ರಚಾರಕರು ಭಾನುವಾರವೆಂದು ಆಚರಿಸಿದರು. 1840ರ ದಶಕದಲ್ಲಿ ಫ್ರೆಂಚರ ಆಡಳಿತ ಬಂದ ಬಳಿಕವೇ ಈ ತೊಡಕು ಪರಿಹಾರವಾಯಿತು.

ಇಂಗ್ಲೆಂಡಿಗೆ ಕಳುಹಿಸಿದ ಪತ್ರಕ್ಕೆ ಉತ್ತರ ಬರಲು ವರ್ಷಗಳೇ ಹಿಡಿಯುತ್ತಿದ್ದವು. ತಂದ ಬಟ್ಟೆಬರೆ ಸವೆದವು, ಉಪಕರಣಗಳು ಮುಗಿದವು. ಬೋಧನೆಯನ್ನು ಕೇಳುವವರು ಸಿಗಲಿಲ್ಲ. 1798ರಲ್ಲಿ ಪ್ರಚಾರಕರ ಮೇಲೆ ಹಲ್ಲೆಯಾದಾಗ, ಎದೆಗುಂದಿದ ಹನ್ನೊಂದು ಮಂದಿ ಸಿಕ್ಕಿದ ಹಡಗನ್ನು ಹತ್ತಿ ಆಸ್ಟ್ರೇಲಿಯಕ್ಕೆ ಹೊರಟುಹೋದರು. ಉಳಿದವರು ಬೆರಳೆಣಿಕೆಯಷ್ಟು ಜನ. 1801ರವರೆಗೆ ಅವರಿಗೆ ಸಂಘದಿಂದ ಹೊಸ ನೆರವು ದೊರೆಯಲಿಲ್ಲ.

ಹಾಗೆ ಉಳಿದವರಲ್ಲಿ ಹೆನ್ರಿ ನಾಟ್ ಒಬ್ಬರು. ಗಾರೆ ಕೆಲಸ ಮಾಡಿಕೊಂಡಿದ್ದ ಅವರಿಗೆ ದ್ವೀಪಕ್ಕೆ ಬಂದಾಗ ಇನ್ನೂ ಇಪ್ಪತ್ತೆರಡು ಇಪ್ಪತ್ತಮೂರು ವರ್ಷ. ಉನ್ನತ ವಿದ್ಯೆಯಿಲ್ಲದ ಅವರು ಜನರ ನಡುವೆ ಬೆರೆತು, ಅವರ ಮಾತಿಗೆ ಕಿವಿಗೊಟ್ಟು, ಭಾಷೆಯನ್ನು ಕಲಿಯತೊಡಗಿದರು. ಇದು ಸುಲಭವಾಗಿರಲಿಲ್ಲ. ಟಹೀಟಿ ಭಾಷೆಗೆ ಆಗ ಲಿಪಿಯಿರಲಿಲ್ಲ. ವ್ಯಂಜನಗಳು ಕೆಲವೇ, ಕನ್ನಡದಲ್ಲಿರುವಂತೆ ಹ್ರಸ್ವ ದೀರ್ಘಗಳ ಭೇದದಿಂದ ಅರ್ಥವೇ ಬೇರೆಯಾಗುತ್ತದೆ. ಇಂಗ್ಲಿಷ್ ಕಿವಿಗೆ ಈ ಭೇದ ಒಮ್ಮೆಲೇ ಹಿಡಿಯುವಂಥದಲ್ಲ. ವರ್ಷಗಳ ಸಾಧನೆಯಿಂದ ನಾಟ್ ಅವರು ಆ ಭಾಷೆಯಲ್ಲಿ ಮೊದಲು ಉಪದೇಶ ಮಾಡಿದವರೆನಿಸಿದರು. 1808ರಲ್ಲಿ ಅಂತರ್ಯುದ್ಧ ಭುಗಿಲೆದ್ದು ಬಹುಮಂದಿ ಸಹೋದ್ಯೋಗಿಗಳು ದ್ವೀಪಗಳನ್ನು ಬಿಟ್ಟಾಗಲೂ ಅವರು ನೆರೆಯ ಮೊರೆಯಾ ದ್ವೀಪದಲ್ಲಿ ಉಳಿದರು.

ಕಾದುದಕ್ಕೆ ಫಲ ದೊರೆಯಿತು. 1817ರಲ್ಲಿ ಮೊರೆಯಾದಲ್ಲಿ ಮುದ್ರಣಯಂತ್ರ ಕೆಲಸ ಆರಂಭಿಸಿತು. ಅರಸ ಎರಡನೆಯ ಪೊಮಾರೆ ತನ್ನ ಕೈಯಿಂದಲೇ ಮೊದಲ ಹಾಳೆಯನ್ನು ಮುದ್ರಿಸಿದನು. ಪುಸ್ತಕಕ್ಕಾಗಿ ದೂರದ ಊರುಗಳಿಂದ ದೋಣಿಗಳಲ್ಲಿ ಬಂದ ಜನರು ಮುದ್ರಣಾಲಯದ ಬಾಗಿಲಲ್ಲಿ ದಿನಗಟ್ಟಲೆ ಕಾದರು. ಪುಸ್ತಕದ ಬೆಲೆಯಾಗಿ ತೆಂಗಿನೆಣ್ಣೆಯನ್ನು ತಂದರು. ಸೋಮಾರಿಗಳೆನಿಸಿಕೊಂಡಿದ್ದ ಜನರು ತಮಗೆ ಬೇಕಾದುದಕ್ಕೆ ಎಷ್ಟು ಶ್ರಮಪಡಬಲ್ಲರೆಂಬುದು ಆಗ ತಿಳಿಯಿತು. 1819ರಲ್ಲಿ ಪೊಮಾರೆ ಕ್ರೈಸ್ತ ದೀಕ್ಷೆ ಪಡೆದನು. ಡಫ್ ನೌಕೆ ಬಂದು ಆಗಲೇ ಇಪ್ಪತ್ತೆರಡು ವರ್ಷಗಳಾಗಿದ್ದವು! ನಾಟ್ ಅವರು ಸಮಗ್ರ ಬೈಬಲಿನ ಅನುವಾದವನ್ನು ಮುಗಿಸಿದುದು 1835ರಲ್ಲಿ. ಅದು ಲಂಡನ್ನಿನಲ್ಲಿ ಅಚ್ಚಾದುದು 1838ರಲ್ಲಿ. 1844ರಲ್ಲಿ ಅವರು ಟಹೀಟಿಯಲ್ಲಿಯೇ ತೀರಿಕೊಂಡರು.

ಈ ಕಥೆಗೆ ಇನ್ನೊಂದು ಮುಖವೂ ಉಂಟು. ಯುರೋಪಿನ ಹಡಗುಗಳು ತಂದ ಕಾಯಿಲೆಗಳಿಂದ ದ್ವೀಪದ ಜನಸಂಖ್ಯೆ ಕುಸಿಯಿತು. ಹೊಸ ಧರ್ಮದೊಡನೆ ಬಂದ ಕಟ್ಟುಕಟ್ಟಳೆಗಳು ಹಳೆಯ ನೃತ್ಯ, ಹಚ್ಚೆ, ಹಾಡುಗಳನ್ನು ಹತ್ತಿಕ್ಕಿದವು. ದ್ವೀಪದವರನ್ನು ಇಂಗ್ಲೆಂಡಿನವರಂತೆ ದುಡಿಯುವಂತೆ ಮಾಡಲು ಸಕ್ಕರೆ ಮತ್ತು ಹತ್ತಿಯ ಉದ್ಯಮಗಳನ್ನೂ ಸಂಘ ಆರಂಭಿಸಿತು; ಅವು ನೆಲೆಗೊಳ್ಳಲಿಲ್ಲ. ಆ ನಾಡಿನ ಲಯಕ್ಕೆ ಹೊಂದಿಕೊಂಡು ನಡೆದ ಕೆಲಸ ಬೇರೂರಿತು. ಆ ಲಯವನ್ನು ಮುರಿಯಲು ಹೊರಟುದು ಒಂದೋ ವಿಫಲವಾಯಿತು, ಇಲ್ಲವೇ ನೋವನ್ನುಳಿಸಿತು.

ಫ್ರೆಂಚ್ ಪಾಲಿನೇಷ್ಯದಲ್ಲಿ ಮಾರ್ಚ್ 5 ಇಂದು ಸಾರ್ವಜನಿಕ ರಜಾದಿನ. ಕೃತ್ತಿಕೆ ಮೂಡುವ ನವೆಂಬರಿನ ದಿನವನ್ನೂ ಅಲ್ಲಿಯ ಜನರು ಮತ್ತೆ ಸಂಭ್ರಮದಿಂದ ಆಚರಿಸುತ್ತಿದ್ದಾರೆ. ಪರನಾಡಿಗೆ ಕಲಿಸಲು ಹೋಗುವವನು ಮೊದಲು ಅಲ್ಲಿ ವಿದ್ಯಾರ್ಥಿಯಾಗಬೇಕು. ಒಂದು ನಾಡಿನ ಬದುಕು ನಿಧಾನವೆಂದು ತೋರಿದಾಗ, ಅಲ್ಲಿಯ ಗಡಿಯಾರ ಯಾವುದೆಂದು ಅವನು ವಿಚಾರಿಸಿ ನೋಡುವುದು ವಿವೇಕ.