ಮಾರೋ ಮನೆನ ಬಾಡಿಗೆಗೆ ಕೊಡ್ತೀರಾ? ಹಾಗಾದ್ರೆ ಮೊದಲೇ ಹೇಳಿಬಿಡಿ

ಮೈಸೂರಿನಲ್ಲಿರುವ ಅಪ್ಪನ ಮನೆ ಮಾರುವ ಮಾತು ನಮ್ಮಲ್ಲಿ ನಡೀತಿದೆ. ಅಣ್ಣನಿಗೆ ಆತುರ, ಅಮ್ಮನಿಗೆ ಮನಸ್ಸಿಲ್ಲ. ಆರು ತಿಂಗಳೋ, ವರ್ಷವೋ ಗೊತ್ತಿಲ್ಲ. ಅಲ್ಲಿವರೆಗೆ ಬಾಡಿಗೆಗೆ ಕೊಡೋಣ ಅಂತಾಯ್ತು. ನೋಡಲು ಬಂದ ದಂಪತಿ ಕೇಳಿದ್ದು ಒಂದೇ ಪ್ರಶ್ನೆ: "ಮಗುವನ್ನ ಇಲ್ಲೇ ಸ್ಕೂಲಿಗೆ ಸೇರಿಸ್ತೀವಿ. ಎರಡ್ಮೂರು ವರ್ಷ ಇರಬಹುದಲ್ವಾ?" ಸುಮ್ನಿರಿ ಅಂತ ಬ್ರೋಕರ್ ನನಗೆ ಕಣ್ಸನ್ನೆ ಮಾಡಿದ.

ಬೆಂಗಳೂರಿನಲ್ಲಿ ನಾನೂ ಬಾಡಿಗೆದಾರನೇ. ಮೂರು ವರ್ಷದ ಹಿಂದೆ "ಮನೆ ಮಾರಿದ್ದೀನಿ, ತಿಂಗಳೊಳಗೆ ಖಾಲಿ ಮಾಡಿ" ಅಂತ ವಾಟ್ಸಾಪ್ ಬಂದಿತ್ತು. ಅಡ್ವಾನ್ಸ್ ಕೇಳಿದ್ರೆ ಹಳೇ ಮಾಲೀಕರು ಹೊಸಬರ ಕಡೆ, ಹೊಸಬರು ಹಳಬರ ಕಡೆ ಕೈ ತೋರಿಸಿದರು.

ಕಾನೂನು ಏನು ಹೇಳುತ್ತೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಕರಾರು ಸಾಯೋದಿಲ್ಲ. ಕೊಂಡವರು ಹಳೇ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ. ಮಾರಾಟದ ವಿಷಯ ತಿಳಿಯದೆ ಹಳಬರಿಗೇ ಬಾಡಿಗೆ ಕಟ್ಟಿದ್ದರೆ ಅದನ್ನು ಮತ್ತೆ ಕಟ್ಟಬೇಕಿಲ್ಲ. ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಬಹುದು.

ಕೇಳೋಕೆ ಚೆನ್ನಾಗಿದೆ. ಆದ್ರೆ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ರೆ, ತಿಂಗಳ ಬಾಡಿಗೆಗೆ ಬೇಕಾದ ನೋಟಿಸ್ ಬರೀ 15 ದಿನ. ನಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದ ಮೇಲೂ ಬಾಡಿಗೆ ಕಟ್ಟುತ್ತಾ ಉಳಿದವರ ಸ್ಥಿತಿ ಸಾಮಾನ್ಯವಾಗಿ ಇದೇ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಅಂತೀರಾ? ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿದೆ. ಇವತ್ತು ಬೆಂಗಳೂರಿನಲ್ಲಿ ಆ ದುಡ್ಡಿಗೆ ಎಂಥ ಮನೆ ಸಿಗುತ್ತೆ, ನೀವೇ ಹೇಳಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತೆ. ಆದ್ರೆ ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿ ಕಾನೂನು ಮಾಡಿದರಷ್ಟೇ ಜಾರಿ.

ಅಂದ್ರೆ ನಮ್ಮಂಥವರಿಗೆ ಉಳಿಯೋದು ಕರಾರಿನ ಕಾಗದ. ಮಾರುವ ಯೋಚನೆ ಇದ್ರೆ ಅದರಲ್ಲಿ ನಾಲ್ಕು ಮಾತು ಇರಲಿ:

- ಮನೆ ಮಾರಾಟವಾಗಬಹುದು ಎಂಬ ಸ್ಪಷ್ಟ ಸಾಲು, ಎರಡು ಅಥವಾ ಮೂರು ತಿಂಗಳ ನೋಟಿಸ್.
- ಕೊಳ್ಳುವವರು ಮನೆ ನೋಡಲು ಬರುವ ಮುನ್ನ ಕನಿಷ್ಠ ಒಂದು ದಿನ ಮೊದಲೇ ತಿಳಿಸಬೇಕು.
- ಅಡ್ವಾನ್ಸ್ ವಾಪಸ್ ಕೊಡೋದು ಯಾರು, ಯಾವಾಗ. ಮಾರಾಟದ ಕರಾರಿನಲ್ಲೂ ಇದನ್ನೇ ಬರೆಸಿ.
- ಅವಧಿಗೆ ಮುಂಚೆ ಬಿಡಿಸಿದರೆ ಸಾಗಾಟದ ಖರ್ಚು ಮಾಲೀಕರದ್ದು.

ಇದರಿಂದ ಮಾಲೀಕರಿಗೂ ಲಾಭವಿದೆ. ಕೊಳ್ಳುವವರು ಬಹುತೇಕ ಖಾಲಿ ಮನೆಯನ್ನೇ ಕೇಳುತ್ತಾರೆ. ಮೋಸ ಹೋದೆ ಅನ್ನಿಸಿದ ಬಾಡಿಗೆದಾರ ಕೋರ್ಟಿಗೆ ಹೋದರೆ ಮಾರಾಟವೇ ನಿಂತೀತು.

ಆ ದಂಪತಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಅವರು ಬೇರೆ ಮನೆ ನೋಡ್ಕೊಂಡ್ರು. ನಮ್ಮ ಮನೆ ಒಂದು ತಿಂಗಳು ಖಾಲಿ ಬಿತ್ತು, ಅಣ್ಣ ಬೈದ. ಆಮೇಲೆ ಒಂದು ವರ್ಷದ ಕೋರ್ಸಿಗೆ ಬಂದ ಮೂವರು ವಿದ್ಯಾರ್ಥಿಗಳು ಸಿಕ್ಕರು. ಅವರಿಗೆ ಬೇಕಿದ್ದದ್ದೂ ಅಷ್ಟೇ ದಿನ.

ಇದು ನನ್ನ ಒಳ್ಳೆತನದ ಕಥೆ ಅಲ್ಲ. ಬಾಡಿಗೆದಾರರ ನೆಮ್ಮದಿ ಮಾಲೀಕರ ಒಳ್ಳೆತನದ ಮೇಲೆ ನಿಲ್ಲಬಾರದು. ಮುಂದಿನ ಸಲ ವೋಟು ಕೇಳೋಕೆ ಬಂದವರನ್ನ ಕೇಳಿ: 3,500 ರೂಪಾಯಿಯ ಆ ಗೆರೆಯನ್ನ ಯಾವಾಗ ಅಳಿಸ್ತೀರಿ?