ಸಂಬಳ ಮುಟ್ಟದ ರೆಜಿಮೆಂಟ್

ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಪರ ಕಾದಿದ 54ನೇ ಮ್ಯಾಸಚೂಸೆಟ್ಸ್ ಕಾಲ್ದಳ ಎಂದರೆ ಎಲ್ಲರಿಗೂ ನೆನಪಾಗುವುದು 1863ರ ಜುಲೈ 18ರ ಸಂಜೆ. ಚಾರ್ಲ್ಸ್‌ಟನ್ ಬಂದರನ್ನು ಕಾಯುತ್ತಿದ್ದ ವ್ಯಾಗ್ನರ್ ಕೋಟೆಯ ಮೇಲೆ, ಕಡಲಿಗೂ ಜೌಗಿಗೂ ನಡುವಿನ ಇಕ್ಕಟ್ಟಾದ ಮರಳುದಾರಿಯಲ್ಲಿ, ಸುಮಾರು 600 ಕಪ್ಪು ಸೈನಿಕರು ಎಲ್ಲರಿಗಿಂತ ಮುಂದೆ ನುಗ್ಗಿದರು. ಕೋಟೆ ದಕ್ಕಲಿಲ್ಲ. ಸತ್ತವರು, ಗಾಯಾಳುಗಳು, ಕಾಣೆಯಾದವರು ಸೇರಿ 250ಕ್ಕೂ ಹೆಚ್ಚು ಮಂದಿ. ಅವರ ದಂಡನಾಯಕ, 25ರ ಹರೆಯದ ಬಿಳಿಯ ಕರ್ನಲ್ ರಾಬರ್ಟ್ ಗೂಲ್ಡ್ ಶಾ, ಕೋಟೆಯ ಒಡ್ಡಿನ ಮೇಲೆಯೇ ಸತ್ತುಬಿದ್ದ. ಶತ್ರುಗಳು ಅವನನ್ನು ಅವನ ಸೈನಿಕರ ಜೊತೆ ಒಂದೇ ಗುಂಡಿಯಲ್ಲಿ ಹೂತರು. ಮಗನನ್ನು ಅಲ್ಲಿಂದ ತೆಗೆಯುವುದು ಬೇಡ ಎಂದು ತಂದೆಯೇ ಹೇಳಿದರು.

ಈ ಶೌರ್ಯ ದೊಡ್ಡದು. ಆದರೆ ಅದಕ್ಕಿಂತ ಕಠಿಣವಾದ ಹೋರಾಟವನ್ನು ಅವರು ಸಂಬಳದ ದಿನ ನಡೆಸಿದರೆಂದೇ ನಾನು ನಂಬುತ್ತೇನೆ.

ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಜಾನ್ ಆಂಡ್ರೂ ಈ ದಳ ಕಟ್ಟಿದಾಗ ಬಿಳಿಯರಿಗೆ ಕೊಡುವಷ್ಟೇ, ತಿಂಗಳಿಗೆ 13 ಡಾಲರ್ ಎಂದು ಮಾತಾಗಿತ್ತು. ಆ ಮಾತು ನಂಬಿ ನಾನಾ ರಾಜ್ಯಗಳ ಕಪ್ಪು ಯುವಕರು ಬಾಸ್ಟನ್ ಬಳಿಯ ರೀಡ್‌ವಿಲ್ ಶಿಬಿರಕ್ಕೆ ಬಂದರು. ಗುಲಾಮಗಿರಿಯ ವಿರುದ್ಧ ದೇಶವನ್ನೇ ಎಬ್ಬಿಸಿದ ಫ್ರೆಡರಿಕ್ ಡಗ್ಲಸ್ ತಮ್ಮ ಇಬ್ಬರು ಗಂಡುಮಕ್ಕಳನ್ನು ಕಳಿಸಿದರು. ಕೇಂದ್ರ ಸರ್ಕಾರ ಮುಂದಿಟ್ಟದ್ದು ಮಾತ್ರ 10 ಡಾಲರ್. ಅದರಲ್ಲೂ ಬಟ್ಟೆಯ ಬಾಬ್ತು 3 ಡಾಲರ್ ಮುರಿದುಕೊಂಡು ಏಳೇ ಏಳು. ಒಬ್ಬರೂ ಮುಟ್ಟಲಿಲ್ಲ. ಕಡಿಮೆ ಬಿದ್ದ ಹಣವನ್ನು ನಾವೇ ತುಂಬುತ್ತೇವೆ ಎಂದು ಮ್ಯಾಸಚೂಸೆಟ್ಸ್ ಮುಂದೆ ಬಂದರೆ ಅದನ್ನೂ ಒಲ್ಲೆ ಎಂದರು. ಅವರು ಕೇಳಿದ್ದು ಬಾಕಿ ಹಣವನ್ನಲ್ಲ, ಸಮಾನ ಸೈನಿಕರೆಂಬ ಮಾನ್ಯತೆಯನ್ನು. ಊರಲ್ಲಿ ಹೆಂಡತಿ ಮಕ್ಕಳು ಹೊಟ್ಟೆಗಿಲ್ಲದೆ ಒದ್ದಾಡುತ್ತಿದ್ದಾಗಲೂ ಆ ಹಟ ಸಡಿಲಲಿಲ್ಲ.

ಬಿಡಿಗಾಸಿಲ್ಲದೆಯೇ 1864ರ ಫೆಬ್ರವರಿಯಲ್ಲಿ ಫ್ಲಾರಿಡಾದ ಒಲಸ್ಟಿಯಲ್ಲಿ ಕಾದಿದರು. ಸೋತು ಹಿಂದೆಗೆಯುತ್ತಿದ್ದ ಸೈನ್ಯದ ಬೆನ್ನು ಕಾದರು. ಗಾಯಾಳುಗಳಿದ್ದ ರೈಲು ಕೆಟ್ಟು ನಿಂತಾಗ ಹಗ್ಗ ಕಟ್ಟಿ ಎಳೆದರು. ಸಮಾನ ಸಂಬಳ ಕೇಳಿ ಅಧ್ಯಕ್ಷ ಲಿಂಕನ್‌ಗೆ ನೇರವಾಗಿ ಪತ್ರ ಬರೆದಿದ್ದ ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ ಅಲ್ಲಿ ಸೆರೆಸಿಕ್ಕ. ಆ ಜೂನ್‌ನಲ್ಲಿ ಕಾಂಗ್ರೆಸ್ ಸಮಾನ ವೇತನಕ್ಕೆ ಒಪ್ಪಿತು. ಜುಲೈನಲ್ಲಿ ಗುಡಿಂಗ್ ಆಂಡರ್ಸನ್‌ವಿಲ್ ಸೆರೆಮನೆಯಲ್ಲಿ ಸತ್ತ. ಉಳಿದವರ ಕೈಗೆ ಹಣ ಬಂದಾಗ, ಸೇನೆಗೆ ಸೇರಿ ಸುಮಾರು ಒಂದೂವರೆ ವರ್ಷವಾಗಿತ್ತು.

ಮನ್ನಣೆ ಇನ್ನೂ ತಡವಾಯಿತು. ವ್ಯಾಗ್ನರ್‌ನಲ್ಲಿ ಗುಂಡೇಟು ತಿಂದೂ ಬಾವುಟ ನೆಲಕ್ಕೆ ತಾಗಗೊಡದ ವಿಲಿಯಂ ಕಾರ್ನಿಗೆ ಮೆಡಲ್ ಆಫ್ ಆನರ್ ಸಿಕ್ಕಿದ್ದು 1900ರಲ್ಲಿ. ಶಿಲ್ಪಿ ಸೇಂಟ್ ಗಾಡೆನ್ಸ್ ರಚಿಸಿದ, ಶಾ ಮತ್ತು ಈ ದಳದ ಕಂಚಿನ ಸ್ಮಾರಕ 1897ರಿಂದ ಬಾಸ್ಟನ್ ಕಾಮನ್ ಉದ್ಯಾನದ ಅಂಚಿನಲ್ಲಿದೆ. ಆ ನಗರಕ್ಕೆ ಹೋಗುವ ಕನ್ನಡಿಗರು ಮುಂಭಾಗದ ಫೋಟೋ ತೆಗೆದು ಹೊರಡದೆ, ದಯವಿಟ್ಟು ಹಿಂಬದಿಗೂ ಹೋಗಿ. ಮಡಿದ ಕಪ್ಪು ಸೈನಿಕರ ಹೆಸರುಗಳಿರುವುದು ಅಲ್ಲಿ. ಅವನ್ನು ಕೆತ್ತಿಸಿದ್ದು 1982ರಲ್ಲಿ.