ಬೀರುವಿನ ಬೆನ್ನಿಗೂ ಗಾಳಿ ಬೇಕು

ಕಳೆದ ವರ್ಷ ಆಶ್ಲೇಷ ಮಳೆ ಹಿಡಿದಿದ್ದ ವಾರ ಮನೆಯ ಕ್ರಯಪತ್ರ ಬೇಕಾಗಿ ಅಬ್ಬ ಅಜ್ಜಿಯ ಬೀರು ತೆಗೆದರು. ಮೇಲಿನ ಅರೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಕುರ್‌ಆನ್ ಚೆನ್ನಾಗಿಯೇ ಇತ್ತು. ತೀರಾ ಕೆಳಗಿನ ಅರೆಯಲ್ಲಿದ್ದ ಕಾಗದಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡು ಬೂಸ್ಟು ಹಿಡಿದಿದ್ದವು. ಕ್ರಯಪತ್ರ ಇದ್ದದ್ದು ಅಲ್ಲೇ. ನಾಲ್ಕು ಜನ ಸೇರಿ ಬೀರುವನ್ನು ಗೋಡೆಯಿಂದ ಈಚೆಗೆ ಎಳೆದು ನೋಡಿದರೆ, ಹಿಂಬದಿಯ ಹಲಗೆ ಮೊಣಕಾಲೆತ್ತರದವರೆಗೆ ಕುಂಬಾಗಿ ಹೋಗಿತ್ತು. ಬೆರಳಿಟ್ಟರೆ ಬೆರಳು ಒಳಗೆ ಹೋಗುತ್ತಿತ್ತು. ಮುಂದಿನಿಂದ ಅದೇ ಹಲಸಿನ ಬೀರು ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತಿತ್ತು.

ಸೂರು ಸೋರಿರಲಿಲ್ಲ. ಮೇಲಿನದು ಉಳಿದು ಕೆಳಗಿನದು ಏಕೆ ಹಾಳಾಯಿತು ಎಂದು ಯೋಚಿಸುವಾಗ ನನಗೆ ನೆನಪಾದದ್ದು ಪ್ರಥಮ ಪಿಯುಸಿ ಭೌತಶಾಸ್ತ್ರದ ಲೋಮನಾಳದ ಪಾಠ. ಕೊಳವೆ ಸಣ್ಣದಾದಷ್ಟೂ ನೀರು ಮೇಲಕ್ಕೆ ಏರುತ್ತದೆ ಎಂದು ಓದಿದ್ದೇವಲ್ಲ. ಸೂತ್ರಕ್ಕೆ ಅಂಕಿ ಹಾಕಿ ನೋಡಿ: ತ್ರಿಜ್ಯ 0.1 ಮಿ.ಮೀ. ಇದ್ದರೆ ನೀರು ಸುಮಾರು 15 ಸೆಂ.ಮೀ. ಏರುತ್ತದೆ, 0.01 ಮಿ.ಮೀ. ಇದ್ದರೆ ಸುಮಾರು ಒಂದೂವರೆ ಮೀಟರ್. ಮಣ್ಣಿನ ಇಟ್ಟಿಗೆಯಲ್ಲೂ ಸುಣ್ಣದ ಗಾರೆಯಲ್ಲೂ ಅಂಥ ಸಣ್ಣ ರಂಧ್ರಗಳು ಲೆಕ್ಕವಿಲ್ಲದಷ್ಟಿವೆ. ಈಗಿನ ಮನೆಗಳಲ್ಲಿ ಪಾಯದ ಮೇಲೆ ನೀರು ತಡೆಯುವ ಕಾಂಕ್ರೀಟ್ ಪಟ್ಟಿ ಹಾಕುತ್ತಾರೆ. ಹಾನುಬಾಳು, ಹೆತ್ತೂರು ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ಹೆಚ್ಚಾಗಿ ಅದು ಇಲ್ಲ. ಆಲೂರಿನ ಕಡೆ ಹೋದಂತೆ ಮಳೆ ಕಡಿಮೆ, ಗೋಡೆಯ ಕಥೆ ಮಾತ್ರ ಅದೇ.

ಹಾಗಾದರೆ ನೀರು ಸೂರಿನವರೆಗೂ ಏಕೆ ಏರುವುದಿಲ್ಲ? ಏರುವ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಲೇ ಇರುತ್ತದೆ. ಏರುವುದೂ ಆರುವುದೂ ಸರಿಸಮವಾದ ಕಡೆ ತೇವ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಆದ ಎರಡು ತಪ್ಪೂ ಇಲ್ಲಿವೆ.

ಮೊದಲನೆಯದು ಸಿಮೆಂಟ್. ಐದಾರು ವರ್ಷದ ಹಿಂದೆ ಒಬ್ಬ ಮೇಸ್ತ್ರಿಯ ಮಾತು ಕೇಳಿ ಗೋಡೆಯ ಕೆಳಗಿನ ಮೂರು ಅಡಿಗೆ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಆಯಿಲ್ ಪೇಂಟ್ ಬಳಿಸಿದೆವು. ಒಂದು ಮಳೆಗಾಲ ಗೋಡೆ ಚೆಂದವಾಗಿತ್ತು. ಮರುವರ್ಷ ತೇವ ಪೇಂಟಿನ ಗೆರೆ ದಾಟಿ ನಾಲ್ಕೂವರೆ ಅಡಿಯಲ್ಲಿ ಕಾಣಿಸಿಕೊಂಡಿತು, ಜೊತೆಗೆ ಬಿಳಿಯ ಉಪ್ಪು. ಆರುವ ದಾರಿ ಮುಚ್ಚಿದ್ದರಿಂದ ನೀರು ದಾರಿ ಹುಡುಕಿಕೊಂಡು ಮೇಲೆ ಹೋಗಿತ್ತು. ಸುಣ್ಣದ ಗಾರೆ ನೀರನ್ನು ಕುಡಿದರೂ ಬಿಟ್ಟುಕೊಡುತ್ತದೆ. ನಮ್ಮೂರಿನ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನ್ ಕಟ್ಟಿಸಿದ್ದು 1792ರಲ್ಲಿ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಇಷ್ಟು ಮಳೆಯ ನಾಡಿನಲ್ಲಿ ಕಲ್ಲು, ಮಣ್ಣು, ಸುಣ್ಣ ನಂಬಿಕೊಂಡೇ ಜನ ಬಾಳಿದ್ದಾರೆ ಎಂಬುದನ್ನು ಮೇಸ್ತ್ರಿಗೆ ಹೇಳುವಷ್ಟು ಬುದ್ಧಿ ಆಗ ನಮಗೂ ಇರಲಿಲ್ಲ.

ಎರಡನೆಯ ತಪ್ಪು ಬೀರು ಇಟ್ಟ ರೀತಿ. ಜಾಗ ಉಳಿಯಲಿ ಎಂದು ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದೆವು. ಅಂದರೆ ಗೋಡೆಗೆ ಇನ್ನೊಂದು ಮುಚ್ಚಳ. ಅಲ್ಲಿ ಹೊರಬಂದ ಆವಿಗೆ ಹೋಗಲು ದಾರಿಯಿಲ್ಲ, ಹಲಗೆಯೇ ಅದನ್ನು ಹೀರಿತು. ಮರದಲ್ಲಿ ನೀರಿನಂಶ ನೂರಕ್ಕೆ 20ಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಅದನ್ನು ದಾಟಿದ ಮೇಲೆ ಹಲಸೂ ಒಂದೇ, ಸಿಲ್ವರ್ ಓಕೂ ಒಂದೇ, ಹಲಸು ಒಂದಿಷ್ಟು ವರ್ಷ ಹೆಚ್ಚು ತಡೆಯುತ್ತದೆ ಅಷ್ಟೆ. ಹಸಿ ಮರವನ್ನು ಹುಡುಕಿಕೊಂಡು ಗೆದ್ದಲೂ ಬರುತ್ತದೆ. ಇನ್ನೊಂದು ವಿಷಯ: ಬಡಗಿಗಳು ಪಾಲಿಶ್ ಹಾಕುವುದು ಮುಂಭಾಗಕ್ಕೆ. ಗೋಡೆಗೆ ತಾಗುವ ಹಿಂಬದಿ ಬರಿಮೈಯಲ್ಲೇ ಇರುತ್ತದೆ.

ಈಗ ನಮ್ಮ ಬೀರು ಒಳಗೋಡೆಯ ಪಕ್ಕದಲ್ಲಿದೆ, ಗೋಡೆಯಿಂದ ನಾಲ್ಕು ಬೆರಳು ಈಚೆಗೆ. ಪಡುವಣ ದಿಕ್ಕಿನ ಹೊರಗೋಡೆಗೆ ಮುಂಗಾರಿನ ಹೊಡೆತ ನೇರ, ಅಲ್ಲಿ ಮರದ ಸಾಮಾನು ಇಡದಿರುವುದೇ ಒಳ್ಳೆಯದು. ಕಾಲುಗಳ ಕೆಳಗೆ ಮೊದಲು ಇಟ್ಟಿಗೆ ಇಟ್ಟಿದ್ದೆವು. ಅದು ಶುದ್ಧ ದಡ್ಡತನ, ಇಟ್ಟಿಗೆಯೂ ಗೋಡೆಯ ಹಾಗೆಯೇ ನೀರು ಏರಿಸುತ್ತದೆ. ಈಗ ಕರಿಕಲ್ಲಿನ ತುಂಡು, ಅದರ ಮೇಲೆ ಹಳೆಯ ಟಯರಿನ ಚೂರು. ಮರದ ನಾಳಗಳು ಉದ್ದಕ್ಕೆ ಹರಿಯುವುದರಿಂದ ಕಾಲಿನ ತುದಿ ಬೇಗ ನೀರು ಎಳೆಯುತ್ತದೆ. ಬೀರುವನ್ನು ಮಲಗಿಸಿದಾಗ ಆ ತುದಿಗಳಿಗೂ ಹಿಂಬದಿಗೂ ಎರಡು ಸಲ ವಾರ್ನಿಶ್ ಹಚ್ಚಿದೆವು. ಹಿಂಬದಿಗೆ ಹೊಸ ಪ್ಲೈವುಡ್ ಹಾಕಿಸುವವರು ಬೆಲೆಗಿಂತ ಮೊದಲು ಅದರ ಮೇಲಿನ ಅಚ್ಚು ನೋಡಿ. ಐಎಸ್ 303 ಎಂಬ ಒಂದೇ ಮಾನಕದಲ್ಲಿ ಎಂಆರ್, ಬಿಡಬ್ಲ್ಯೂಆರ್ ಎಂದು ಎರಡು ದರ್ಜೆ ಉಂಟು, ನಮ್ಮ ಕಡೆಗೆ ಎರಡನೆಯದೇ ಬೇಕು. ಪಾರ್ಟಿಕಲ್ ಬೋರ್ಡಿನ ಮೇಜಂತೂ ಒಮ್ಮೆ ನೀರು ಕುಡಿದರೆ ಹಪ್ಪಳದಂತೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ.

ನಿಮ್ಮ ಮನೆಯ ತೇವ ನೆಲದಿಂದ ಬಂದದ್ದೋ ಕೋಣೆಯ ಗಾಳಿಯದ್ದೋ ತಿಳಿಯಬೇಕೆ? ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕೂತರೆ ಗೋಡೆಯದ್ದು, ಮುಂದೆ ಕೂತರೆ ಗಾಳಿಯದ್ದು. ನಮ್ಮ ಮನೆಯಲ್ಲಿ ಎರಡೂ ಕಡೆ ಕೂತಿತ್ತು!

ಗಾಳಿಯ ತೇವದ ಬಗ್ಗೆ ಅಜ್ಜಿ ಹೇಳಿದ್ದು ನನಗೆ ಮೊದಲು ಅರ್ಥವಾಗಿರಲಿಲ್ಲ. "ಒಲೆ ಹೋದ ಮೇಲೆ ಮನೆಗೆ ಥಂಡಿ ಬಂತು" ಎನ್ನುತ್ತಾರೆ ಅವರು. ಸೌದೆ ಒಲೆ ದಿನವಿಡೀ ಉರಿಯುವಾಗ ಅದರ ಬಿಸಿ ಗಾಳಿ ಹೊಗೆಯ ಜೊತೆಗೆ ತೇವವನ್ನೂ ಎಳೆದುಕೊಂಡು ಹಂಚಿನ ಸಂದಿನಿಂದ ಹೊರಹೋಗುತ್ತಿತ್ತು. ಈಗ ಗ್ಯಾಸ್ ಬಂದಿದೆ, ಹಂಚಿನ ಕೆಳಗೆ ಸೀಲಿಂಗೂ ಬಂದಿದೆ. ರಸಾಯನಶಾಸ್ತ್ರದ ಸಮೀಕರಣ ಹಾಕಿ: 44 ಗ್ರಾಂ ಪ್ರೊಪೇನ್ ಉರಿದರೆ 72 ಗ್ರಾಂ ನೀರಾವಿ. ಬ್ಯುಟೇನಿನ ಲೆಕ್ಕವೂ ಹತ್ತಿರದ್ದೇ. 14.2 ಕಿಲೋ ಸಿಲಿಂಡರ್ ಮುಗಿಯುವಷ್ಟರಲ್ಲಿ ಇಪ್ಪತ್ತು ಲೀಟರಿಗೂ ಹೆಚ್ಚು ನೀರು ಆವಿಯಾಗಿ ಅಡುಗೆಮನೆಗೆ ಸೇರಿರುತ್ತದೆ. ಅಜ್ಜಿಯ ಕಣ್ಣು ಹೊಗೆಯಿಂದ ಪಟ್ಟ ಪಾಡು ನೋಡಿದವರು ಯಾರೂ ಮತ್ತೆ ಒಲೆ ಬೇಕು ಎನ್ನಲಾರರು. ಆದರೆ ಅಡುಗೆಮನೆಯ ಕಿಟಕಿ ತೆಗೆದಿಡಬಹುದು, ಒದ್ದೆ ಯೂನಿಫಾರ್ಮನ್ನು ಬೀರು ಇರುವ ಕೋಣೆಯಲ್ಲೇ ಹಗ್ಗಕ್ಕೆ ಹಾಕುವುದನ್ನು ಬಿಡಬಹುದು. ಉಳಿದ ಕೋಣೆಗಳ ಕಿಟಕಿಯನ್ನು ಜಡಿಮಳೆಯಲ್ಲಿ ತೆರೆದರೆ ಲಾಭವಿಲ್ಲ, ಹೊಳವಾದ ಮಧ್ಯಾಹ್ನವೇ ಸರಿ.

ಬೀರುವಿನೊಳಗೆ ಉಪ್ಪಿನ ಬಟ್ಟಲು ಇಡುವವರಿದ್ದಾರೆ. ಗಾಳಿಯ ತೇವಾಂಶ ಸುಮಾರು ನೂರಕ್ಕೆ 75 ದಾಟಿದಾಗ ಮಾತ್ರ ಉಪ್ಪು ನೀರು ಎಳೆಯುತ್ತದೆ. ಅಷ್ಟರಲ್ಲಿ ಬೂಸ್ಟು ಶುರುವಾಗಿರುತ್ತದೆ. ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ವಾಸಿ, ಬಾಗಿಲು ಬಿಗಿಯಾಗಿ ಮುಚ್ಚುವ ಬೀರುವಿಗೆ ಮಾತ್ರ.

ಇವೆಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಒಂದು ರೂಪಾಯಿ ಖರ್ಚಿಲ್ಲದ ಕೆಲಸ. ಹೊರಗೆ ಗೋಡೆಯ ಬುಡಕ್ಕೆ ವರ್ಷಾನುವರ್ಷ ಮಣ್ಣು ಸೇರಿ ಅಂಗಳ ಒಳಗಿನ ನೆಲಕ್ಕಿಂತ ಎತ್ತರವಾಗಿತ್ತು. ಏಪ್ರಿಲ್‌ನಲ್ಲಿ ನಾನೂ ತಮ್ಮನೂ ಅದನ್ನು ಒಂದಡಿ ಕೆತ್ತಿ, ಸೂರಿನ ನೀರು ಬೀಳುವ ಸಾಲಿಗೆ ಚರಂಡಿ ತೋಡಿದೆವು. ಸಿಮೆಂಟ್ ಗಿಲಾವನ್ನು ಇನ್ನೂ ಕೆತ್ತಿಸಿಲ್ಲ, ಹಣ ಹೊಂದಬೇಕು.

ಅಂಟಿಕೊಂಡ ಕಾಗದ ಸಿಕ್ಕರೆ ಎಳೆದು ಬಿಡಿಸಬೇಡಿ, ಬಿಸಿಲಿಗೂ ಹಾಕಬೇಡಿ. ನೆರಳಿನಲ್ಲಿ ಫ್ಯಾನಿನ ಗಾಳಿಗಿಟ್ಟು, ಬಿಟ್ಟುಕೊಂಡಷ್ಟು ಹಾಳೆಗಳ ನಡುವೆ ಬಿಳಿ ಕಾಗದ ಸೇರಿಸುತ್ತಾ ಹೋಗಿ. ನಮ್ಮ ಕ್ರಯಪತ್ರದ ಎರಡು ಪುಟ ಹಾಗೆಯೂ ಉಳಿಯಲಿಲ್ಲ. ನೋಂದಾಯಿತ ಪತ್ರವಾದ್ದರಿಂದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಕ್ಕಿತು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಅಮ್ಮ ಈಗ ಮೇಲಿನ ಅರೆಯಲ್ಲಿಟ್ಟಿದ್ದಾರೆ.